ಬಿಲ್ಲು ಓದೋಣ, ಆಮೇಲೆ ದುಡ್ಡು ಕೊಡೋಣ



ಜ್ವರ ಬಂತು. ಎರಡು ದಿನ ಕಷಾಯ ಕುಡಿದು ನೋಡಿದಿರಿ. ಇಳಿಯಲಿಲ್ಲ. ಮೂರನೆಯ ದಿನ ತೂಬಗೆರೆಯಿಂದ ಬಸ್ಸು ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋದಿರಿ. ಸರ್ಕಾರಿ ಬಸ್ಸು, ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಡಾಕ್ಟರ ಫೀಸು 200 ರೂಪಾಯಿ ಅಂತ ಪಕ್ಕದ ಮನೆಯವರು ಹೇಳಿದ್ದರು. ಕೈಯಲ್ಲಿ 500 ರೂಪಾಯಿ ಇದೆ. ಸಾಕು, ಉಳಿದರೆ ಮಕ್ಕಳಿಗೆ ಬಾಳೆಹಣ್ಣು ತರೋಣ ಅಂದುಕೊಂಡಿರಿ.

ಸಂಜೆಗೆ ಲೆಕ್ಕ ಏನಾಯಿತು? ಈ ಚೀಟಿ ಓದಿ.

ಡಾಕ್ಟರ ಫೀಸು: 200
ಇಂಜೆಕ್ಷನ್: 150
ಗ್ಲೂಕೋಸ್: 500
ರಕ್ತ ಪರೀಕ್ಷೆ: 900
ಮಾತ್ರೆ, ಟಾನಿಕ್: 650

ಇದು ಯಾವುದೋ ಒಂದು ಆಸ್ಪತ್ರೆಯ ಬಿಲ್ಲಲ್ಲ. ಲೆಕ್ಕ ತಿಳಿಯಲಿ ಅಂತ ನಾನೇ ಬರೆದದ್ದು. ಕೂಡಿಸಿ ನೋಡಿ. ಕೂಡುವ ಲೆಕ್ಕ ಈಗ ನಿಮಗೆ ಬರುತ್ತದೆ. ಎಷ್ಟಾಯಿತು? 2400 ರೂಪಾಯಿ.

2025ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಆರೂವರೆ ದಿನದ ಕೂಲಿ ಒಂದು ಜ್ವರಕ್ಕೆ ಹೋಯಿತು. ಗೃಹಲಕ್ಷ್ಮಿಯ ಒಂದು ತಿಂಗಳ ಎರಡು ಸಾವಿರವೂ ಸಾಲದು. ಕೈಯಲ್ಲಿ ಇದ್ದದ್ದು 500. ಉಳಿದ 1900 ಎಲ್ಲಿಂದ ಬಂತು? ಸಂಘದ ಸಾಲ, ಇಲ್ಲವೇ ಕಿವಿಯ ಓಲೆ. ನಮ್ಮ ಕಲಿಕಾ ಕೇಂದ್ರದಲ್ಲಿ ಈ ಮಾತು ಎತ್ತಿದರೆ ಸಾಕು, ಪಾಠ ಅಲ್ಲೇ ನಿಲ್ಲುತ್ತದೆ. ಪ್ರತಿಯೊಬ್ಬರಿಗೂ ಹೇಳೋದಕ್ಕೆ ಒಂದು ಕಥೆ ಇರುತ್ತದೆ.

ಈಗ ಆ ಚೀಟಿಯನ್ನು ಇನ್ನೊಂದು ಸಲ ನೋಡಿ. ನಾವು ಕೇಳಿಕೊಂಡು ಹೋದದ್ದು ಫೀಸು ಒಂದನ್ನೇ. ಅದು 200. ಮಿಕ್ಕ 2200 ರೂಪಾಯಿ ಎಷ್ಟೆಷ್ಟು, ಯಾತಕ್ಕೆ ಅಂತ ನಾವು ಕೇಳಲೇ ಇಲ್ಲ. ಅವರೂ ಹೇಳಲಿಲ್ಲ. ತೊಂದರೆ ಇರೋದು ಇಲ್ಲಿಯೇ.

ಬೆಲೆ ಕೇಳೋದು ತಪ್ಪಾ?

ನಮ್ಮ ತೂಬಗೆರೆ ಹಲಸಿಗೆ ಹೆಸರುವಾಸಿ. ಹಲಸಿನ ಹಣ್ಣು ಕೊಳ್ಳುವಾಗ ನಾವು ಏನು ಮಾಡ್ತೀವಿ? ತಟ್ಟಿ ನೋಡ್ತೀವಿ. ಮೂಸಿ ನೋಡ್ತೀವಿ. ಒಂದು ತೊಳೆ ಬಿಡಿಸಿಕೊಡು ಅಂತೀವಿ. ಬೆಲೆ ಕೇಳಿ, ಜಾಸ್ತಿ ಆಯ್ತು ಅಂತ ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ಬರ್ತೀವಿ. ಘಾಟಿ ಜಾತ್ರೆಯಲ್ಲಿ ಬಳೆ ಕೊಳ್ಳುವಾಗಲೂ ಹಾಗೆಯೇ. ಆಸ್ಪತ್ರೆಯಲ್ಲಿ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ಕೇಳಿದರೆ ಡಾಕ್ಟರು ಸಿಟ್ಟಾದಾರು, ಮದ್ದು ಸರಿಯಾಗಿ ಕೊಡದೆ ಹೋದಾರು ಅಂತ ಹೆದರಿಕೆ.

ಹೆದರಬೇಕಾಗಿಲ್ಲ. ದರ ತೋರಿಸುವುದು ಅವರ ಕರ್ತವ್ಯ ಅಂತ ಕಾಯಿದೆಯೇ ಹೇಳುತ್ತದೆ. ಅದಕ್ಕೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಅಂತ ಹೆಸರು. 2007ರಲ್ಲಿ ಬಂತು. ಕ್ಲಿನಿಕ್ಕು, ನರ್ಸಿಂಗ್ ಹೋಮು, ದೊಡ್ಡ ಆಸ್ಪತ್ರೆ, ರಕ್ತ ಪರೀಕ್ಷೆಯ ಲ್ಯಾಬು, ಎಲ್ಲವೂ ಇದರ ಕೆಳಗೆ ನೋಂದಣಿ ಮಾಡಿಸಬೇಕು. ಯಾವುದಕ್ಕೆ ಎಷ್ಟು ದರ ಅಂತ ಜನರಿಗೆ ಕಾಣುವ ಹಾಗೆ ಬೋರ್ಡು ಹಾಕಬೇಕು. ಬಾಬ್ತು ಬಾಬ್ತಾಗಿ ಬರೆದ ಬಿಲ್ಲು ಕೊಡಬೇಕು. ಇನ್ನು ಮೇಲೆ ಒಳಗೆ ಹೋದ ಕೂಡಲೇ ಗೋಡೆ ನೋಡಿ. ಆ ಬೋರ್ಡು ಎಲ್ಲಿದೆ ಅಂತ ಹುಡುಕಿ. ಕಾಣದಿದ್ದರೆ ಕೌಂಟರಿನವರನ್ನು ಕೇಳಿ.

2017ರಲ್ಲಿ ಈ ಕಾಯಿದೆಯನ್ನು ತಿದ್ದಿದರು. ಆಗ ಆರೋಗ್ಯ ಮಂತ್ರಿಯಾಗಿದ್ದವರು ಪಕ್ಕದ ಕೋಲಾರ ಜಿಲ್ಲೆಯ ಕೆ.ಆರ್. ರಮೇಶ್ ಕುಮಾರ್. ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ಗೊತ್ತು ಮಾಡಬೇಕು ಅನ್ನೋ ಮಾತು ಆಗ ಬಂದಿತ್ತು. ಖಾಸಗಿ ವೈದ್ಯರು ಒಪ್ಪಲಿಲ್ಲ. ನವೆಂಬರ್ ತಿಂಗಳಲ್ಲಿ ಮುಷ್ಕರ ಹೂಡಿದರು. ಕ್ಲಿನಿಕ್ಕುಗಳು ಮುಚ್ಚಿದವು, ರೋಗಿಗಳು ಪರದಾಡಿದರು. ಕೊನೆಗೆ ಬೆಳಗಾವಿಯ ಅಧಿವೇಶನದಲ್ಲಿ ಕಾಯಿದೆ ಪಾಸಾಯಿತು, ಆದರೆ ಮೊದಲಿಗಿಂತ ಮೆತ್ತಗಾಗಿತ್ತು. ಸರ್ಕಾರದ ಯೋಜನೆಯಲ್ಲಿ ಬರುವ ರೋಗಿಗಳಿಗೆ ಮಾತ್ರ ಸರ್ಕಾರದ ದರ. ಕೈಯಿಂದ ದುಡ್ಡು ಕೊಡುವ ನಮಗೆ ಆಸ್ಪತ್ರೆ ಹಾಕಿದ್ದೇ ದರ. ನನ್ನನ್ನು ಕೇಳಿದರೆ ಇದು ಸರಿಯಾಗಲಿಲ್ಲ. ಆದರೂ ಎರಡು ಒಳ್ಳೆಯ ಮಾತು ಅದರಲ್ಲಿ ಉಳಿದವು. ಅಪಘಾತ, ಹಾವು ಕಡಿತದಂಥ ತುರ್ತು ಸಮಯದಲ್ಲಿ ಮುಂಗಡ ದುಡ್ಡು ಕಟ್ಟು ಅಂತ ಆಸ್ಪತ್ರೆ ಹಟ ಮಾಡುವ ಹಾಗಿಲ್ಲ. ರೋಗಿ ತೀರಿಕೊಂಡರೆ, ಬಾಕಿ ಕಟ್ಟುವವರೆಗೆ ಹೆಣ ಕೊಡೋದಿಲ್ಲ ಅನ್ನುವ ಹಾಗಿಲ್ಲ.

ಗ್ಲೂಕೋಸ್ ಬಾಟ್ಲಿಯಲ್ಲಿ ಏನಿದೆ?

ಈಗ ಚೀಟಿಯ ಒಂದೊಂದೇ ಸಾಲಿಗೆ ಬರೋಣ. ಗ್ಲೂಕೋಸ್, 500 ರೂಪಾಯಿ. ಇದನ್ನು ಎಷ್ಟೋ ಸಲ ಡಾಕ್ಟರು ಹೇಳೋದಿಲ್ಲ, ನಾವೇ ಕೇಳ್ತೀವಿ. “ಸುಸ್ತು ಸ್ವಾಮಿ, ಒಂದು ಬಾಟ್ಲಿ ಹಾಕಿಬಿಡಿ” ಅಂತೀವಿ. ಹಾಕಿಸಿಕೊಂಡರೆ ಮೈಗೆ ಬಲ ಬರುತ್ತದೆ ಅಂತ ನಮ್ಮ ನಂಬಿಕೆ.

ಅದರೊಳಗೆ ಏನಿದೆ ಗೊತ್ತೇ? ಸಾಮಾನ್ಯವಾಗಿ ಹಾಕುವುದು ಅರ್ಧ ಲೀಟರಿನ ಬಾಟ್ಲಿ. ಅದರ ಮೇಲೆ ಶೇಕಡಾ 5 ಅಂತ ಬರೆದಿದ್ದರೆ ಅದರಲ್ಲಿ 25 ಗ್ರಾಂ ಸಕ್ಕರೆ ಅಂಶ ಇರುತ್ತದೆ. ಅಂದರೆ ಸುಮಾರು ಐದು ಟೀ ಚಮಚ. ಸಲೈನ್ ಅನ್ನೋ ಬಾಟ್ಲಿಯಾದರೆ ನಾಲ್ಕೂವರೆ ಗ್ರಾಂ ಉಪ್ಪು. ಮಿಕ್ಕದ್ದು ಶುದ್ಧವಾದ ನೀರು. ಬಾಯಲ್ಲಿ ಕುಡಿಯೋದಕ್ಕೆ ಆಗುವ ರೋಗಿಗೆ ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ಎಳನೀರು ಇದೇ ಕೆಲಸ ಮಾಡುತ್ತವೆ. ಭೇದಿಯಾಗಿದ್ದರೆ ಒಂದು ಲೀಟರ್ ಕಾದಾರಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ ಕುಡಿಸಿ. ಚಮಚ ತಲೆಗಟ್ಟಿ ಇರಬಾರದು, ಮಟ್ಟಸವಾಗಿರಬೇಕು. ಓ.ಆರ್.ಎಸ್. ಪೊಟ್ಟಣ ಆಶಾ ಕಾರ್ಯಕರ್ತೆಯ ಹತ್ತಿರ ಸಿಗುತ್ತದೆ, ಅದು ಇನ್ನೂ ಒಳ್ಳೆಯದು.

ಹಾಗಂತ ಗ್ಲೂಕೋಸ್ ಬೇಡವೇ ಬೇಡ ಅಂತಲ್ಲ. ವಾಂತಿ ನಿಲ್ಲುತ್ತಿಲ್ಲ, ಗುಟುಕು ನೀರೂ ಇಳಿಯುತ್ತಿಲ್ಲ, ಮೂತ್ರ ಕಟ್ಟಿದೆ, ಪ್ರಜ್ಞೆ ತಪ್ಪುತ್ತಿದೆ, ಡೆಂಗಿ ಜೋರಾಗಿದೆ, ಇಂಥ ಹೊತ್ತಿನಲ್ಲಿ ಅದು ಜೀವ ಉಳಿಸುತ್ತದೆ. ಆಗ ದುಡ್ಡಿನ ಮಾತೆತ್ತಿ ತಡ ಮಾಡಬೇಡಿ. ಹಾಕಲೇಬೇಕಾ ಅನ್ನೋದನ್ನು ತೀರ್ಮಾನ ಮಾಡಬೇಕಾದವರು ಡಾಕ್ಟರು. ನಾವಾಗಿ ಬಾಯಿಬಿಟ್ಟು ಕೇಳಿ ಹಾಕಿಸಿಕೊಳ್ಳೋದು ಬೇಡ, ಅಷ್ಟೇ. ಇಂಜೆಕ್ಷನ್ನಿಗೂ ಇದೇ ಮಾತು. ಮಾತ್ರೆಯಲ್ಲಿ ವಾಸಿಯಾಗುವ ಜ್ವರಕ್ಕೆ ಸೂಜಿ ಯಾತಕ್ಕೆ?

ಇನ್ನೊಂದು ವಿಷಯ. ಬಾಟ್ಲಿಯ ಮೇಲೆ ಎಂ.ಆರ್.ಪಿ. ಅಂತ ಬೆಲೆ ಅಚ್ಚಾಗಿರುತ್ತದೆ. ಅದು ಬಿಲ್ಲಿನಲ್ಲಿ ಇರುವುದಕ್ಕಿಂತ ಬಹಳ ಕಡಿಮೆ ಇರಬಹುದು. ಅದೆಲ್ಲ ಮೋಸ ಅಂತ ಹೇಳೋದಕ್ಕಾಗದು. ಹಾಸಿಗೆ, ನರ್ಸಮ್ಮನ ಕೆಲಸ, ಸೂಜಿ, ನಳಿಗೆ ಇವಕ್ಕೂ ಖರ್ಚಿದೆ. ಆದರೆ ಅದನ್ನು ಬೇರೆ ಬೇರೆಯಾಗಿ ಬರೆದು ತೋರಿಸಬೇಕು. ಒಟ್ಟಿಗೆ 500 ಅಂತ ಬರೆದರೆ ನಮಗೆ ಹೇಗೆ ತಿಳಿಯಬೇಕು?

ಪರೀಕ್ಷೆಗೆ ಬರೆದುಕೊಟ್ಟಾಗ

ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಸ್ಕ್ಯಾನಿಂಗು. ಡಾಕ್ಟರು ಚೀಟಿ ಬರೆದು, “ಮಾಡಿಸಿಕೊಂಡು ಬಾಮ್ಮ” ಅಂತಾರೆ. ಲ್ಯಾಬು ಪಕ್ಕದಲ್ಲೇ ಇರುತ್ತದೆ. ನಾವು ಚೀಟಿ ಹಿಡಿದು ಹೊರಡ್ತೀವಿ. ಹೊರಡುವ ಮುಂಚೆ ಅಲ್ಲೇ ನಿಂತು ಮೂರು ಮಾತು ಕೇಳಿ.

“ಡಾಕ್ಟ್ರೇ, ಈ ಪರೀಕ್ಷೆಯಿಂದ ಏನು ಗೊತ್ತಾಗುತ್ತೆ?”
“ಇವತ್ತೇ ಮಾಡಿಸಬೇಕಾ, ಎರಡು ದಿನ ಮಾತ್ರೆ ತಗೊಂಡು ನೋಡಬಹುದಾ?”
“ನಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡು ಬಂದರೆ ಆಗುತ್ತಾ?”

ಮರ್ಯಾದೆಯಿಂದ ಕೇಳಿ. ಒಳ್ಳೆಯ ಡಾಕ್ಟರು ಸಿಟ್ಟಾಗೋದಿಲ್ಲ, ಬಿಡಿಸಿ ಹೇಳ್ತಾರೆ. ಪರೀಕ್ಷೆ ಬೇಕೇ ಬೇಕಾದಾಗ ಇವತ್ತೇ ಮಾಡಿಸು ಅಂತಲೂ ಹೇಳ್ತಾರೆ. ಆಗ ಮಾಡಿಸಿ. ಬಿಟ್ಟರೆ ಕೆಡುಕು.

ಎಲ್ಲರೂ ಅಷ್ಟು ನೇರ ಇರೋದಿಲ್ಲ. 2017ರ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆಯವರು ಬೆಂಗಳೂರಿನ ಕೆಲವು ಪರೀಕ್ಷಾ ಕೇಂದ್ರಗಳ ಲೆಕ್ಕಪತ್ರ ಶೋಧಿಸಿದರು. ರೋಗಿಗಳನ್ನು ಕಳಿಸಿದ್ದಕ್ಕೆ ವೈದ್ಯರಿಗೆ ಕಮಿಷನ್ ಹೋಗುತ್ತಿದ್ದದ್ದು ಬಯಲಾಯಿತು. ಎಂ.ಆರ್.ಐ. ಅನ್ನೋ ದೊಡ್ಡ ಸ್ಕ್ಯಾನಿಂಗಿಗೆ ನೂರಕ್ಕೆ ಸುಮಾರು 35 ರೂಪಾಯಿ. ಸಿ.ಟಿ. ಸ್ಕ್ಯಾನು ಮತ್ತು ಲ್ಯಾಬ್ ಪರೀಕ್ಷೆಗಳಿಗೆ ನೂರಕ್ಕೆ ಸುಮಾರು 20. ಹೀಗೆ ಕಮಿಷನ್ ತಗೊಳ್ಳಬಾರದು ಅಂತ ವೈದ್ಯರ ನಡತೆಯ ನಿಯಮದಲ್ಲೇ 2002ರಿಂದ ಬರೆದಿದೆ. ನೂರಕ್ಕೆ 20 ಅಂದರೆ ನಮ್ಮ ಚೀಟಿಯ 900 ರೂಪಾಯಿಯಲ್ಲಿ ಎಷ್ಟು? ಹಲಗೆಯ ಮೇಲೆ ಗುಣಿಸಿ ನೋಡಿ. 180 ರೂಪಾಯಿ. ಅಷ್ಟು ದುಡ್ಡು ಪರೀಕ್ಷೆಗೂ ಅಲ್ಲ, ಔಷಧಿಗೂ ಅಲ್ಲ.

ಇಂಥದೇ ಲ್ಯಾಬಿಗೆ ಹೋಗು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ. ರೋಗಿಗಳ ಹಕ್ಕುಗಳ ಪಟ್ಟಿಯೊಂದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ತಯಾರಿಸಿತು. ಪರೀಕ್ಷೆ ಎಲ್ಲಿ ಮಾಡಿಸಬೇಕು, ಔಷಧಿ ಎಲ್ಲಿ ಕೊಳ್ಳಬೇಕು ಅನ್ನೋದು ರೋಗಿಯ ಇಷ್ಟ ಅಂತ ಅದರಲ್ಲಿದೆ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವ ಹಕ್ಕೂ ಇದೆ.

ಕೆಲವು ಸಲ ಸರ್ಕಾರ ದರ ಕಟ್ಟಿದ್ದೂ ಉಂಟು. 2024ರಲ್ಲಿ ಡೆಂಗಿ ಹೆಚ್ಚಾದಾಗ ಖಾಸಗಿ ಲ್ಯಾಬುಗಳು ಬಾಯಿಗೆ ಬಂದಷ್ಟು ಕೇಳಬಾರದು ಅಂತ ಜುಲೈ ತಿಂಗಳಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿತು. ಡೆಂಗಿಯ ಎರಡು ಪರೀಕ್ಷೆಗೆ ತಲಾ 300 ರೂಪಾಯಿ, ಒಟ್ಟು 600. ಸಾಂಕ್ರಾಮಿಕ ಜ್ವರ ಬಂದಾಗ ಇಂಥ ಆದೇಶ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮಾತ್ರೆಯ ಪಟ್ಟಿ ಓದೋಣ

ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿ. ಅಲ್ಲಿ ಎಂ.ಆರ್.ಪಿ. ಇರುತ್ತದೆ. ಅಂಗಡಿಯವರು ತಗೊಳ್ಳಬಹುದಾದ ಅತಿ ಹೆಚ್ಚಿನ ಬೆಲೆ ಅದು. ತೆರಿಗೆ ಅದರೊಳಗೇ ಸೇರಿದೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಕಾಗಿಲ್ಲ. ಔಷಧಿ ಕೆಡುವ ತಾರೀಖೂ ಅಲ್ಲೇ ಇರುತ್ತದೆ, ಅದನ್ನೂ ಓದಿ.

ಒಂದು ಲೆಕ್ಕ ಮಾಡೋಣ. ಒಂದು ಪಟ್ಟಿಯಲ್ಲಿ 15 ಮಾತ್ರೆ. ಬೆಲೆ 45 ರೂಪಾಯಿ. ಒಂದು ಮಾತ್ರೆಗೆ 3 ರೂಪಾಯಿ. ಡಾಕ್ಟರು ಬರೆದದ್ದು 6 ಮಾತ್ರೆ. ಹಾಗಾದರೆ ನೀವು ಕೊಡಬೇಕಾದ್ದು 18 ರೂಪಾಯಿ. ಇಡೀ ಪಟ್ಟಿ ಯಾತಕ್ಕೆ? “ಆರು ಮಾತ್ರ ಕತ್ತರಿಸಿ ಕೊಡಣ್ಣ, ಬಿಲ್ಲು ಕೊಡಣ್ಣ” ಅನ್ನಿ. ಆದರೆ ಡಾಕ್ಟರು ಐದು ದಿನ ಅಂತ ಬರೆದ ಮಾತ್ರೆಯನ್ನು ದುಡ್ಡು ಉಳಿಸೋದಕ್ಕೆ ಎರಡೇ ದಿನ ನುಂಗಿ ಬಿಡಬೇಡಿ. ರೋಗ ತಿರುಗಿ ಬರುತ್ತದೆ, ಆಗ ಇನ್ನೂ ಖರ್ಚು.

ಒಂದೇ ಔಷಧಿಯನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಲ್ಲಿ ಮಾರುತ್ತವೆ. ಹೆಸರು ಬೇರೆ, ಬೆಲೆ ಬೇರೆ, ಒಳಗಿನ ಔಷಧಿ ಒಂದೇ. ಕಂಪನಿ ಇಟ್ಟ ಹೆಸರಿಲ್ಲದೆ, ಔಷಧಿಯ ಹೆಸರಿನಲ್ಲೇ ಬರುವ ಮಾತ್ರೆಗೆ ಜನರಿಕ್ ಅಂತಾರೆ. ಜನೌಷಧಿ ಕೇಂದ್ರ ಅನ್ನೋ ಬೋರ್ಡಿರುವ ಅಂಗಡಿಯಲ್ಲಿ ಸಿಗುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಗೆ ದಿನಾ ಮಾತ್ರೆ ನುಂಗುವವರಿಗೆ ಇದರಿಂದ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಡಾಕ್ಟರ ಚೀಟಿ ತೋರಿಸಿಯೇ ಕೊಳ್ಳಿ. ಟಾನಿಕ್ ಬರೆದಿದ್ದರೆ ಬೇಕೇ ಬೇಕಾ ಅಂತ ಕೇಳಿ. ರಾಗಿ, ಸೊಪ್ಪು, ಕಾಳು, ಮೊಟ್ಟೆ ನಮ್ಮ ಮನೆಯ ಟಾನಿಕ್.

ಸರ್ಕಾರಿ ಆಸ್ಪತ್ರೆಯೂ ಕಾರ್ಡೂ

ತೂಬಗೆರೆಯ ಪ್ರಾಥಮಿಕ ಆರೋಗ್ಯ ಕೇಂದ್ರ ದಾಟಿಕೊಂಡೇ ನಾವು ಪೇಟೆಗೆ ಹೋಗ್ತೀವಿ. ಅಲ್ಲಿ ಡಾಕ್ಟರನ್ನು ನೋಡೋದಕ್ಕೆ ದುಡ್ಡಿಲ್ಲ, ಅಲ್ಲಿರುವ ಔಷಧಿಗೆ ದುಡ್ಡಿಲ್ಲ, ಅಲ್ಲಿ ಮಾಡುವ ಪರೀಕ್ಷೆಗೆ ದುಡ್ಡಿಲ್ಲ. ಸಾಲು ಇರುತ್ತದೆ, ಕಾಯಬೇಕು, ಕೆಲವು ಔಷಧಿ ಒಂದೊಂದು ದಿನ ಮುಗಿದಿರುತ್ತದೆ, ಅದೂ ನಿಜ. ಆದರೆ ಸಾದಾ ಜ್ವರ, ಕೆಮ್ಮು, ಭೇದಿಗೆ ಮೊದಲು ಅಲ್ಲಿಗೆ ಹೋಗೋದು ಲೇಸು. ಅಲ್ಲಿ ಆಗದಿದ್ದರೆ ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಗೆ ಅವರೇ ಕಳಿಸ್ತಾರೆ.

ಬಸುರಿ, ಬಾಣಂತಿಯರಿಗೆ 2011ರ ಜೂನ್‌ನಿಂದ ಒಂದು ಯೋಜನೆ ಇದೆ. ಹೆಸರು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆಪರೇಷನ್, ಔಷಧಿ, ಪರೀಕ್ಷೆ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲವೂ ಪುಕ್ಕಟೆ. ಗಂಡಾಯ್ತು ಇಷ್ಟು ಕೊಡಿ, ಹೆಣ್ಣಾಯ್ತು ಇಷ್ಟು ಕೊಡಿ ಅಂತ ಯಾರಾದರೂ ಕೈ ಚಾಚಿದರೆ ಅದು ಫೀಸಲ್ಲ, ಲಂಚ.

ಕಾರ್ಡಿನ ವಿಷಯದಲ್ಲಿ ಬಹಳ ಜನಕ್ಕೆ ಗೊಂದಲ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ಬಿ.ಪಿ.ಎಲ್. ಕಾರ್ಡಿನ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎ.ಪಿ.ಎಲ್. ಕಾರ್ಡಿನವರಿಗೆ ಸರ್ಕಾರದ ದರದಲ್ಲಿ ನೂರಕ್ಕೆ 30 ಭಾಗ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಜ್ವರ ಅಂತ ಖಾಸಗಿ ಕ್ಲಿನಿಕ್ಕಿಗೆ ಹೋಗಿ ಅರ್ಧ ಗಂಟೆಯಲ್ಲಿ ತಿರುಗಿ ಬಂದರೆ ಈ ಕಾರ್ಡು ನಡೆಯೋದಿಲ್ಲ. ಹೃದಯ, ಕ್ಯಾನ್ಸರ್, ಆಪರೇಷನ್ ಇಂಥ ದೊಡ್ಡ ಚಿಕಿತ್ಸೆಗೆ ಅದು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ಪತ್ರ ಬರೆದುಕೊಡ್ತಾರೆ. ಆ ಪತ್ರ ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪತ್ರ ಇಲ್ಲದೆ ನೇರ ಹೋದವರು ಬಿಲ್ಲು ನೋಡಿ ಗಾಬರಿಯಾಗೋದು ಇಲ್ಲಿಯೇ. ತುರ್ತು ಚಿಕಿತ್ಸೆಗೆ ಮಾತ್ರ ಪತ್ರ ಬೇಡ. ಅಂಥ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರ್ತಾರೆ. ಸೇರುವ ಮೊದಲೇ ಅವರನ್ನು ಹುಡುಕಿ ಕಾರ್ಡು ತೋರಿಸಿ.

ಹಾಲಿನ ಸೊಸೈಟಿಗೆ, ಸಹಕಾರ ಸಂಘಕ್ಕೆ ಸೇರಿದವರಿಗೆ ಯಶಸ್ವಿನಿ ಅಂತ ಬೇರೆ ಯೋಜನೆ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ತಿರುಗಿ ಬಂತು. ಹೆಸರು ಬರೆಸುವ ತಿಂಗಳು ಯಾವುದು ಅಂತ ಸೊಸೈಟಿ ಕಾರ್ಯದರ್ಶಿಯನ್ನು ವಿಚಾರಿಸಿ.

ಬಿಲ್ಲು ತಪ್ಪಿದ್ದರೆ

ಬಿಲ್ಲು ಇಂಗ್ಲಿಷಿನಲ್ಲಿದೆ, ನಮಗೆ ಬರೋದಿಲ್ಲ ಅಂತ ಮಡಚಿ ಇಡಬೇಡಿ. ಅಂಕಿ ಎಲ್ಲಾ ಕಡೆಯೂ ಅದೇ ಅಂಕಿ. ಸಾಲು ಸಾಲು ಕೂಡಿಸಿ ನೋಡಿ. ಒಟ್ಟು ಸರಿ ಇದೆಯಾ? ಒಂದೇ ಪರೀಕ್ಷೆ ಎರಡು ಸಲ ಬಂದಿದೆಯಾ? ಎರಡು ಬಾಟ್ಲಿ ಹಾಕಿ ಮೂರು ಅಂತ ಬರೆದಿದ್ದಾರಾ? ಇತರೆ ಅನ್ನೋ ಸಾಲಿನಲ್ಲಿ ದೊಡ್ಡ ಮೊತ್ತ ಇದ್ದರೆ ಅದೇನು ಅಂತ ಬಿಡಿಸಿ ಹೇಳಿಸಿಕೊಳ್ಳಿ. ನಿಮ್ಮ ಚಿಕಿತ್ಸೆಯ ಕಾಗದಪತ್ರದ ನಕಲು ಕೇಳಿ ಪಡೆಯೋದು ನಿಮ್ಮ ಹಕ್ಕು.

ಅಲ್ಲಿ ಬಗೆಹರಿಯದಿದ್ದರೆ ದೂರು ಕೊಡಬಹುದು. ಪ್ರತಿ ಜಿಲ್ಲೆಯಲ್ಲೂ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿಯವರೇ ಅದರ ಅಧ್ಯಕ್ಷರು. ನಮ್ಮ ಜಿಲ್ಲಾಧಿಕಾರಿಗಳ ಕಚೇರಿ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿದೆ.

ಗ್ರಾಹಕರ ಆಯೋಗಕ್ಕೂ ಹೋಗಬಹುದು. ದುಡ್ಡು ಕೊಟ್ಟು ಚಿಕಿತ್ಸೆ ಪಡೆದವರೂ ಗ್ರಾಹಕರೇ ಅಂತ ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ನಾವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಬಹುದು. ವಕೀಲರು ಬೇಕಾದರೆ ಅದಕ್ಕೂ ದಾರಿ ಇದೆ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರ ನೆರವು ಸಿಗುತ್ತದೆ. ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಫೋನ್ ಆದರೆ 15100.

ಅರ್ಜಿ ಬರೆಯೋದು ಕಷ್ಟ ಅಂತ ಹಿಂಜರಿಯಬೇಡಿ. ಹೀಗೆ ಬರೆದರೆ ಸಾಕು. ನಿಮ್ಮ ಪುಸ್ತಕದಲ್ಲಿ ಒಂದು ಸಲ ಬರೆದು ನೋಡಿ.

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ನಾನು ಇಂಥ ತಾರೀಖು ಇಂಥ ಆಸ್ಪತ್ರೆಗೆ ಜ್ವರಕ್ಕೆ ತೋರಿಸಲು ಹೋಗಿದ್ದೆ. ಅಲ್ಲಿ ದರದ ಬೋರ್ಡು ಇರಲಿಲ್ಲ. ನನ್ನಿಂದ ಇಷ್ಟು ರೂಪಾಯಿ ತೆಗೆದುಕೊಂಡರು. ಬಾಬ್ತು ಬಾಬ್ತಾಗಿ ಬರೆದ ಬಿಲ್ಲು ಕೇಳಿದೆ, ಕೊಡಲಿಲ್ಲ. ದಯವಿಟ್ಟು ವಿಚಾರಣೆ ಮಾಡಿಸಿ, ಬಿಲ್ಲು ಕೊಡಿಸಿ, ಹೆಚ್ಚಿಗೆ ತೆಗೆದುಕೊಂಡಿದ್ದರೆ ವಾಪಸ್ಸು ಕೊಡಿಸಿ.
ಇಂತಿ, (ಹೆಸರು, ಊರು, ಸಹಿ)

ಡಾಕ್ಟರ ಚೀಟಿ, ಪರೀಕ್ಷೆಯ ವರದಿ, ಔಷಧಿ ಅಂಗಡಿಯ ರಸೀತಿ ಇವುಗಳ ಜೆರಾಕ್ಸ್ ಅರ್ಜಿಯ ಜೊತೆಗೆ ಲಗತ್ತಿಸಿ. ಅಸಲು ಕಾಗದ ಯಾರಿಗೂ ಕೊಡಬೇಡಿ, ರೇಷನ್ ಕಾರ್ಡಿನ ಜೊತೆ ಒಂದು ಚೀಲದಲ್ಲಿ ಹಾಕಿಡಿ. ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ತಾರೀಖು ಇರುವ ಸೀಲು ಹಾಕಿಸಿಕೊಂಡು ಬನ್ನಿ.